ಪರವಾಗಿಲ್ಲಣ್ಣನ ಕಿವಿ

ಕಟಿಂಗ್ ಅಂಗಡಿಯವನಿಗೆ ಬೀದಿಯವರು ಇಟ್ಟ ಹೆಸರು ಪರವಾಗಿಲ್ಲಣ್ಣ. ಮೀಸೆ ಒಂದು ಕಡೆ ಗಿಡ್ಡವಾದರೂ ಪರವಾಗಿಲ್ಲ, ನೆತ್ತಿ ಬೋಳಾಗುತ್ತಿದ್ದರೂ ಪರವಾಗಿಲ್ಲ. ಕುರ್ಚಿಯಲ್ಲಿ ಕೂತವನ ಮುಖ ಸಪ್ಪಗಾಗಬಾರದು, ಅಷ್ಟೇ ಅವನ ಲೆಕ್ಕ.

ಇಂಥವನಿಗೆ ಲಕ್ಷಕ್ಕೊಬ್ಬರಿಗೂ ಬಾರದ ಕಾಯಿಲೆ ಗಂಟುಬಿತ್ತು. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ, ಮೈ ತನ್ನ ಕಿವಿಯ ಮೇಲೆ ತಾನೇ ತಿರುಗಿ ಬೀಳುವ ಕಾಯಿಲೆ. ಎರಡೂ ಕಿವಿ ಊದಿ ಕೆಂಡವಾದವು. ಉರಿ ಗಂಟಲಿಗಿಳಿದರೆ ಉಸಿರಿಗೇ ಸಂಚಕಾರ. ಡಾಕ್ಟರಮ್ಮ ಅವನನ್ನು ಹೊಸ ಇಂಜೆಕ್ಷನ್ನಿನ ಪರೀಕ್ಷೆಗೆ ಸೇರಿಸಿಕೊಂಡರು. ಕೆಲವರಿಗೆ ಅಸಲಿ ಮದ್ದು, ಕೆಲವರಿಗೆ ಬರೀ ಉಪ್ಪುನೀರು. ಯಾರಿಗೆ ಯಾವುದು ಅಂತ ಚುಚ್ಚುವವರಿಗೂ ಗೊತ್ತಿಲ್ಲ.

"ನೋವು ಹತ್ತಕ್ಕೆ ಎಷ್ಟಣ್ಣಾ?" ಅಂತ ಮೊದಲ ದಿನ ಡಾಕ್ಟರಮ್ಮ ಕೇಳಿದರು. ಬೆರಳು ತಾಕಿದರೆ ಜೀವ ಬಾಯಿಗೆ ಬರುತ್ತಿತ್ತು. ಆದರೂ ಪಾಪ, ಆ ಹೆಣ್ಣುಮಗಳ ಮನಸ್ಸಿಗೆ ಯಾಕೆ ನೋವು ಅಂತ ಈ ಮಹಾಶಯ "ಎರಡು, ಪರವಾಗಿಲ್ಲ" ಅಂದುಬಿಟ್ಟ. ತಿಂಗಳುಗಳು ಕಳೆದು ಕಿವಿ ತಣ್ಣಗಾದ ಮೇಲೂ ಎರಡೇ. ಜೀವ ಉಳಿಸುವವರ ಎದುರೂ ಉಪಚಾರ ಮಾಡುವ ಇಂಥ ತಲೆಗೆ ಯಾವ ಕತ್ತರಿ ಹಾಕಬೇಕೋ.

ಒಂದು ಬೆಳಗ್ಗೆ ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಕೆಂಪು ಇಳಿದಿದೆ. ಆದ್ರೆ ಅವತ್ತೂ ಎರಡು, ಇವತ್ತೂ ಎರಡು. ನೋವು ಇಳೀದಿದ್ರೆ ಇಂಜೆಕ್ಷನ್ ನಿಲ್ಲಿಸಬೇಕು ಅಂತ ನಿಯಮ."

ಅವನು ಪರವಾಗಿಲ್ಲ ಅನ್ನುವ ಹಾಗೆ ನಕ್ಕ. ಪಕ್ಕದಲ್ಲಿದ್ದ ಹೆಂಡತಿ ತಿವಿದಳು. "ರೀ, ನೀವು ಬಾಯಿ ಬಿಡ್ತೀರೋ, ನಾನೇ ಬಿಡಲೋ?"

"ನೀನು ಸುಮ್ನಿರೇ."

"ಸುಮ್ನಿದ್ದದ್ದಕ್ಕೇ ಈ ಗತಿ. ಡಾಕ್ಟರಮ್ಮ, ಮೊದಲು ಕಿವಿಗೆ ದಿಂಬು ತಾಕಿದ್ರೆ ಆಗ್ತಿರ್ಲಿಲ್ಲ, ಗೋಡೆಗೊರಗಿ ಕೂತೇ ನಿದ್ದೆ. ಈಗ ಮಗ್ಗುಲಾಗಿ ಮಲಗಿ ಗೊರಕೆ ಹೊಡೀತಾರೆ. ನಿದ್ದೆ ಕೆಟ್ಟಿರೋದು ನಂಗೆ."

"ಹಾಗಾದ್ರೆ ಅವತ್ತು ಎಷ್ಟಿತ್ತಣ್ಣಾ?"

"ಒಂಬತ್ತು," ಅಂದ, ನೆಲ ನೋಡುತ್ತಾ. "ನೀವು ಬೇಜಾರು ಮಾಡ್ಕೋತೀರಿ ಅಂತ…"

"ಬೇಜಾರು ಈಗ ಆಗಿದೆ." ಡಾಕ್ಟರಮ್ಮ ನಗು ತಡೆದುಕೊಂಡರು. "ಹಳೇದನ್ನ ಅಳಿಸೋ ಹಾಗಿಲ್ಲ. ತಪ್ಪಾಗಿತ್ತು ಅಂತ ಪಕ್ಕದಲ್ಲಿ ಬರೀತೀನಿ, ನಿದ್ದೆ ವಿಷಯಾನೂ ಸೇರಿಸ್ತೀನಿ. ಇಂಜೆಕ್ಷನ್ ನಿಲ್ಲಿಸಲ್ಲ. ಇನ್ಮೇಲೆ ಇದ್ದದ್ದು ಇದ್ದ ಹಾಗೆ ಹೇಳ್ಬೇಕು."

ಅವನು ಮುಗ್ಧ ಮಗುವಿನಂತೆ ತಲೆಯಾಡಿಸಿ ಅಂಗಿಯ ತೋಳು ಮಡಚಿದ. ಸೂಜಿ ಚುಚ್ಚಿದ್ದೇ ತಡ, "ಅಯ್ಯಯ್ಯೋ" ಅಂತ ಅವನು ಕೂಗಿದ್ದು ಹೊರಗೆ ಬೆಂಚಿನ ಮೇಲೆ ಕೂತವರಿಗೂ ಕೇಳಿಸಿತು. ಹೆಂಡತಿ ಮಾತ್ರ ನೆಮ್ಮದಿಯಿಂದ ಸೆರಗು ಸರಿಮಾಡಿಕೊಂಡಳು.