ಲಾರ್ಡ್ ಸಾಹೇಬರ ಪದವಿ, ಮಾವನ ಗುರಿಕಾರಿಕೆ

ನಮ್ಮ ಮಹಡಿಯಲ್ಲಿ ಬಾಡಿಗೆಗಿದ್ದ ಇಂಗ್ಲಿಷ್ ಹುಡುಗಿಯ ಅಪ್ಪ ಲಾರ್ಡ್ ಎಂದು ನನಗೆ ಗೊತ್ತಾದದ್ದು ಅವಳು ಬಂದು ಎರಡು ವರ್ಷವಾದ ಮೇಲೆ. ಹುಡುಗಿ ಅಂದೆ, ನಲವತ್ತು ದಾಟಿದವಳು. ಕಡಲಾಮೆಗಳ ಮೇಲೆ ಸಂಶೋಧನೆ ಮಾಡುತ್ತ, ಕುಂದಾಪುರದಿಂದ ಬೈಂದೂರಿನವರೆಗಿನ ಮರಳನ್ನೆಲ್ಲ ಸ್ಕೂಟರಿನಲ್ಲಿ ಸುತ್ತುತ್ತಿದ್ದಳು. "ಡಿಸೆಂಬರಿನಲ್ಲಿ ಅಪ್ಪ ಬರುತ್ತಾರೆ, ಚಳಿಗಾಲ ಮುಗಿಯುವವರೆಗೆ ಇರುತ್ತಾರೆ, ಆದೀತಾ?" ಎಂದು ಕೇಳಿದಳು. ಧಾರಾಳವಾಗಿ ಬರಲಿ ಎಂದೆ. ಅವಳು ಆಚೆ ಹೋದದ್ದೇ ಫೋನಿನಲ್ಲಿ ಅವರ ಹೆಸರು ಹುಡುಕಿದೆ. ಬಾಡಿಗೆಗೆ ಬರುವವರ ಪೂರ್ವಾಪರ ತಿಳಿಯುವುದು ಮನೆ ಯಜಮಾನಿಯ ಹಕ್ಕು ಎಂದು ನಾನು ನಂಬಿದ್ದೇನೆ.

ಪುಟ ಉದ್ದಕ್ಕೂ ಇಳಿಯುತ್ತ ಹೋಯಿತು. ಅವರ ಅಪ್ಪ ತೀರಿಕೊಂಡಾಗ ಎಳೆಯ ವಯಸ್ಸಿನಲ್ಲೇ ಮನೆತನದ ಪದವಿ, ಅದರ ಜೊತೆಗೆ ಸಂಸತ್ತಿನ ಮೇಲ್ಮನೆಯಲ್ಲಿ ಸ್ಥಾನ. ಹುಟ್ಟಿನಿಂದ ಬಂದವರು ಇನ್ನು ಬೇಡ ಎಂದು ಕಾನೂನಾದಾಗ ಆ ಸ್ಥಾನ ಹೋಯಿತು. ಆಮೇಲೆ ತಮ್ಮ ಜಿಲ್ಲೆಯಲ್ಲಿ ಸಂಬಳವಿಲ್ಲದ ಮ್ಯಾಜಿಸ್ಟ್ರೇಟ್, ಕೃಷಿಮೇಳದ ಅಧ್ಯಕ್ಷ, ಕಡಲಿನಲ್ಲಿ ಸಿಕ್ಕಿಬಿದ್ದವರನ್ನು ಎಳೆದು ತರುವ ದೋಣಿಯವರ ಸಂಘದ ಪೋಷಕ, ಕೊನೆಗೆ ಇಡೀ ಜಿಲ್ಲೆಗೆ ರಾಜಮನೆತನದ ಪ್ರತಿನಿಧಿ. ಓದುತ್ತ ಓದುತ್ತ ನನಗೆ ಮಹಡಿಯ ಬಚ್ಚಲಿನ ನಲ್ಲಿ ಸೋರುವುದು ನೆನಪಾಯಿತು. ಮಾರನೇ ದಿನವೇ ಪ್ಲಂಬರ್ ಬಂದ.

ಲಾರ್ಡ್ ಸಾಹೇಬರು ಬಂದದ್ದು ಹೆಮ್ಮಾಡಿಯ ರಿಕ್ಷಾದಲ್ಲಿ, ಮಂಡಿಗೆ ಮಂಡಿ ತಾಗಿಸಿಕೊಂಡು, ಒಂದೇ ಒಂದು ಚೀಲ ತೊಡೆಯ ಮೇಲೆ ಇಟ್ಟುಕೊಂಡು. ಎಂಬತ್ತರ ಹತ್ತಿರದ ಉದ್ದದ ಆಳು. ಮೆಟ್ಟಿಲ ಮೇಲೆ ಕೂತು ಶೂ ಬಿಚ್ಚಿ ಬದಿಗಿಟ್ಟರು, ಎದ್ದರು, ನಮ್ಮ ಬಾಗಿಲ ದಾರಂದಕ್ಕೆ ಹಣೆ ಬಡಿದುಕೊಂಡರು. "ನಿಮ್ಮನ್ನು ಏನೆಂದು ಕರೆಯಬೇಕು?" ಎಂದು ಕೇಳಿದೆ. ನಾನು ಕುಂದಾಪುರದ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡಿ ನಿವೃತ್ತಳಾದವಳು, ಇಂಥ ವಿಷಯದಲ್ಲಿ ತಪ್ಪಬಾರದು ಎಂಬ ಹಟ ನನಗೆ. ಹಣೆ ತಿಕ್ಕಿಕೊಳ್ಳುತ್ತ ನಕ್ಕು, "ಮನೆ ನಿಮ್ಮದು, ನಿಮಗೆ ಹೇಗೆ ಸುಲಭವೋ ಹಾಗೆ" ಎಂದರು. ನಮ್ಮ ಮೀನುಗಾರರ ಕೇರಿ ಅಷ್ಟರಲ್ಲೇ ತೀರ್ಮಾನಿಸಿಯಾಗಿತ್ತು: ಲಾರ್ಡ್ ಸಾಹೇಬ್ರು.

ಆ ಚಳಿಗಾಲದಲ್ಲಿ ನಮ್ಮ ಕೇರಿಗೆ ಬೇರೊಂದು ಚಿಂತೆಯಿತ್ತು. ನನ್ನ ಸೋದರಮಾವ ಕೇರಿಯ ಗುರಿಕಾರರು, ಎಂದರೆ ಊರಿನ ಹಿರಿತನ ಅವರದು. ಮದುವೆ ನಿಶ್ಚಯದ ವೀಳ್ಯ ಮೊದಲು ಗುರಿಕಾರರ ಕೈಗೆ ಹೋಗಬೇಕು, ಸಾವಿನ ಮನೆಗೆ ಮೊದಲು ಅವರು ಕಾಲಿಡಬೇಕು, ದೋಣಿಯವರ ಜಗಳ ಪೊಲೀಸ್ ಠಾಣೆ ಮುಟ್ಟುವ ಮೊದಲು ಅವರ ಜಗಲಿ ಮುಟ್ಟಬೇಕು. ಮಾವನಿಗೆ ಮೊಣಕಾಲು ಕೈಕೊಟ್ಟಿತ್ತು. ಮುಂದೆ ಯಾರು ಎಂಬುದು ಪ್ರಶ್ನೆ. ನಮ್ಮಲ್ಲಿ ಗುರಿಕಾರಿಕೆ ಮಗನಿಗೆ ಹೋಗುವುದಿಲ್ಲ, ಅಕ್ಕತಂಗಿಯರ ಮಗನಿಗೆ ಹೋಗುತ್ತದೆ. ಮಗ ಹೆಂಡತಿಯ ಕುಲದವನು, ಸೋದರಳಿಯ ಮಾವನದೇ ಕುಲದವನು. ಮಾವನಿಗೆ ಇದ್ದವಳು ಒಬ್ಬಳೇ ಅಕ್ಕ, ನನ್ನ ಅಮ್ಮ. ಅಮ್ಮನಿಗೆ ಇದ್ದವಳು ಒಬ್ಬಳೇ ಮಗಳು, ನಾನು.

ನನಗೆ ಅದು ಬೇಕಿತ್ತು. ಸುತ್ತಿ ಬಳಸಿ ಹೇಳುವುದೇನಿಲ್ಲ, ಬೇಕೇ ಬೇಕಿತ್ತು. ಚಿಕ್ಕವಳಿದ್ದಾಗಿನಿಂದ ಮಾವನ ಜಗಲಿಯ ಕಂಬಕ್ಕೆ ಒರಗಿ ಅವರು ನ್ಯಾಯ ಹೇಳುವುದನ್ನು ಕೇಳಿ ಬೆಳೆದವಳು ನಾನು. ಯಾರ ಬಲೆಯನ್ನು ಯಾರು ಹರಿದರು, ಯಾವ ಮನೆಯ ಸೊಸೆ ಯಾಕೆ ತವರಿಗೆ ಹೋದಳು, ಎಲ್ಲ ಗೊತ್ತು. ಆದರೆ ಬಾಯಿಬಿಟ್ಟು ಕೇಳುವುದು ಹೇಗೆ? ನಮ್ಮಲ್ಲಿ ಮನೆ ಹೆಣ್ಣಿಗೆ ಬರುತ್ತದೆ, ಸಭೆಯಲ್ಲಿ ಕೂರುವುದು ಗಂಡಿಗೆ ಹೋಗುತ್ತದೆ. ಗುಡಿಸುವ ಕೆಲಸ ಯಾರ ಪಾಲಿಗೆ ಬಂತೆಂದು ಬೇರೆ ಹೇಳಬೇಕಿಲ್ಲವಲ್ಲ. ಕೇರಿಯ ನಾಲ್ಕು ಜನ ಮಾವನ ಮಗನಿಗೇ ಕೊಟ್ಟುಬಿಡಿ, ಕಾಲ ಬದಲಾಗಿದೆ ಎನ್ನುತ್ತಿದ್ದರು. ಬದಲಾದ ಕಾಲಕ್ಕೆ ನಾನು ಮಾತ್ರ ಕಣ್ಣಿಗೆ ಬಿದ್ದಿರಲಿಲ್ಲ.

ಲಾರ್ಡ್ ಸಾಹೇಬರಿಗೂ ಮಾವನಿಗೂ ಸ್ನೇಹವಾದದ್ದು ಒಂದು ಸಾವಿನಲ್ಲಿ. ಪಕ್ಕದ ಮನೆಯ ಅಜ್ಜಿ ಹೋದರು. ಬುಟ್ಟಿ ಹೊತ್ತು ಒಳನಾಡಿನ ಶಂಕರನಾರಾಯಣ ಪೇಟೆಯವರೆಗೆ ಮೀನು ಮಾರಿ ಮಕ್ಕಳನ್ನು ಸಾಕಿದವರು. ಸಾಹೇಬರು ದಿನಾ ಬೆಳಿಗ್ಗೆ ಕಡಲ ಕಡೆಗೆ ಹೋಗುವಾಗ ಆ ಅಜ್ಜಿಗೆ ಟೋಪಿ ತೆಗೆದು ತಲೆಬಾಗುತ್ತಿದ್ದರು, ಅಜ್ಜಿ "ಹ್ವಾಯ್, ಚಾ ಕುಡ್ದಾಯ್ತಾ?" ಎಂದು ಕೂಗುತ್ತಿದ್ದರು. ಅಷ್ಟೇ ಪರಿಚಯ. ಸುದ್ದಿ ಕೇಳಿ ನನ್ನ ಬಳಿ ಬಂದು, "ನಾನು ಬಂದರೆ ಅವರಿಗೆ ತೊಂದರೆಯಾದೀತೇ? ಯಾರನ್ನು ಕೇಳಬೇಕು?" ಎಂದರು. ಗುರಿಕಾರರನ್ನು ಎಂದೆ. ಕೇಳಿಸಿದರು, ಮಾವ ಬನ್ನಿ ಎಂದರು. ಆಮೇಲೆ ಮೂರು ಗಂಟೆ ಆ ಬಿಸಿಲಿನಲ್ಲಿ ನಿಂತರು. ಕುರ್ಚಿ ತಂದರೆ ಕೂರಲಿಲ್ಲ. ಮಾವ ನಿಂತಿದ್ದಾರಲ್ಲ ಎಂದು ತೋರಿಸಿದರು. ಮೊಣಕಾಲು ನೋವಿನ ಮಾವ ಇವರು ಕೂತರೆ ತಾನೂ ಕೂರಬಹುದಿತ್ತು ಎಂದುಕೊಂಡಿರಬೇಕು, ಪಾಪ. ಇಬ್ಬರೂ ಒಬ್ಬರಿಗೊಬ್ಬರು ಮರ್ಯಾದೆ ಕೊಡುತ್ತ ಕೊಡುತ್ತ ಬೆವರಿ ಒದ್ದೆಯಾದರು.

ಅಂದು ಸಂಜೆ ಇಬ್ಬರೂ ನಮ್ಮ ಜಗಲಿಯಲ್ಲಿ ಕಾಲು ಚಾಚಿ ಕೂತರು. ಮಾವನ ಕನ್ನಡವನ್ನು ಇಂಗ್ಲಿಷಿಗೆ, ಸಾಹೇಬರ ಇಂಗ್ಲಿಷನ್ನು ನಮ್ಮ ಮಾತಿಗೆ ಮಾಡುವ ಕೆಲಸ ನನ್ನದು.

"ಅವ್ರಿಗೆ ಆ ಊರಗೆ ಎಂತ ಕೆಲ್ಸ ಇತ್ತಂಬ್ರ್?" ಮಾವ ಕೇಳಿದರು.

ಸಾಹೇಬರು ಯೋಚಿಸಿ ಹೇಳಿದರು: "ನೂರು ವರ್ಷ ತುಂಬಿದವರ ಮನೆಗೆ ಹೋಗಿ ಅವರ ಕೇಕು ತಿನ್ನುವುದು. ಯುದ್ಧದಲ್ಲಿ ಸತ್ತವರ ಕಲ್ಲಿನ ಮುಂದೆ ಮಳೆಯಲ್ಲಿ ನಿಲ್ಲುವುದು. ದೋಣಿ ಮುಳುಗಿ ಗಂಡನನ್ನು ಕಳೆದುಕೊಂಡವಳ ಅಡುಗೆಮನೆಯಲ್ಲಿ ಕೂರುವುದು. ಅಧಿಕಾರ ಒಂದಿಷ್ಟೂ ಇರಲಿಲ್ಲ. ಆದರೆ ನಾನು ಹೋಗದಿದ್ದರೆ ಜನಕ್ಕೆ ತಿಳಿಯುತ್ತಿತ್ತು."

ಮಾವ ಜಗಲಿಯನ್ನು ಅಂಗೈಯಿಂದ ತಟ್ಟಿದರು. "ಇವ್ರ್ ಗುರಿಕಾರ್ರೇ ಮಾರಾಯ್ತಿ! ನಂದೂ ಅದೇ ಕೆಲ್ಸ ಅಲ್ದಾ?"

ಆಮೇಲೆ ದಿನಾ ಸಂಜೆ ಬೈಠಕ್ಕು. ಸಾಹೇಬರ ಬಗ್ಗೆ ನನಗೆ ಗೌರವ ಹೆಚ್ಚುತ್ತ ಹೋದದ್ದು ಆ ದಿನಗಳಲ್ಲಿ. ಫೋನಿನಲ್ಲಿ ಓದಿದ ಒಂದು ಸ್ಥಾನವನ್ನೂ ಅವರು ತಾವಾಗಿ ಎತ್ತಲಿಲ್ಲ. ಮೇಲ್ಮನೆಯ ಸ್ಥಾನ ಹೋದಾಗ ಬೇಸರವಾಯಿತೇ ಎಂದು ನಾನೇ ಕೇಳಿದ್ದಕ್ಕೆ, "ಹೋಗಬೇಕಾದದ್ದೇ ಹೋಯಿತು. ಅಪ್ಪನಿಗೆ ಮಗನಾಗಿ ಹುಟ್ಟಿದ್ದು ಬಿಟ್ಟರೆ ನಾನು ಮಾಡಿದ್ದೇನಿತ್ತು? ಆದರೆ ಸಭೆಗೆ ಹೊರಡುತ್ತಿದ್ದ ಮಂಗಳವಾರಗಳಂದು ಮೊದಮೊದಲು ಕೋಟು ಹಾಕಿಕೊಂಡು ಮನೆಯಲ್ಲಿ ಸುಮ್ಮನೆ ಕೂತಿದ್ದೆ" ಎಂದರು. ಮ್ಯಾಜಿಸ್ಟ್ರೇಟ್ ಆಗಿದ್ದಾಗ ಜೈಲಿಗೆ ಕಳಿಸಿದವರಲ್ಲಿ ಕೆಲವರನ್ನು ನೋಡಲು ಆಮೇಲೆ ಹೋಗುತ್ತಿದ್ದರಂತೆ. ಅದು ಮಗಳು ಹೇಳಿದ್ದು, ಅವರು ಹೇಳಿದ್ದಲ್ಲ.

ಜನವರಿಯ ಒಂದು ಸಂಜೆ ಮಾವ ತನ್ನ ತಲೆನೋವಿನ ವಿಷಯ ಎತ್ತಿದರು. ಸಾಹೇಬರ ಮಗಳು ಮೆಟ್ಟಿಲ ಮೇಲೆ ಕೂತು ಬಂಗುಡೆ ಮೀನು ತೊಳೆಯುತ್ತಿದ್ದಳು, ನಾನು ಕಲಿಸಿಕೊಟ್ಟ ವಿದ್ಯೆ.

"ಇವ್ರ್ ಆದ್ ಮೇಲೆ ಇವ್ರ್ ಪದ್ವಿ ಯಾರಿಗೆ? ಕೇಣ್" ಎಂದರು ಮಾವ.

ಕೇಳಿದೆ. ಆಸ್ಟ್ರೇಲಿಯಾದಲ್ಲಿ ದಾಯಾದಿಯೊಬ್ಬ ಇದ್ದಾನೆ, ಅವನಿಗೆ ಎಂದರು ಸಾಹೇಬರು. ಅವನನ್ನು ಅವರು ನೋಡಿದ್ದು ಒಂದೇ ಸಲವಂತೆ, ಅದೂ ಅವನು ತೊಟ್ಟಿಲಿನಲ್ಲಿದ್ದಾಗ.

ಮಾವನಿಗೆ ನಂಬಿಕೆ ಬರಲಿಲ್ಲ. "ಸಮಾ ಹೇಳ್ ಹೆಣೆ. ಅಕ್ಕನ್ ಮಗ್ಗೂ ಇಲ್ಯಾ? ಅಲ್ಲ್ ಕೂಕಂಡ್ ಮೀನ್ ತೊಳು ಸ್ವಂತ ಮಗ್ಳಿಗೂ ಇಲ್ಯಾ? ಕಾಣದ್ ಊರಗ್ ಇಪ್ಪವ್ನಿಗಾ? ಅಷ್ಟ್ ದೊಡ್ ದೇಶ, ಇದ್ಕೊಂದ್ ದಾರಿ ಕಾಂಬುಕೆ ಆಯ್ಲಿಲ್ಯಾ ಇವ್ರಿಗೆ?"

ನಾನು ಸ್ವಲ್ಪ ಮೆತ್ತಗೆ ಮಾಡಿ ಹೇಳಿದೆ. ಸಾಹೇಬರಿಗೆ ಪೂರ್ತಿ ಅರ್ಥವಾಯಿತು, ಮಾವನ ಮುಖವೇ ಸಾಕಿತ್ತು. ಟೋಪಿಯನ್ನು ಮಂಡಿಯ ಮೇಲೆ ತಿರುಗಿಸುತ್ತ ಮಾತಾಡಿದರು. "ಹೆಣ್ಣುಮಕ್ಕಳಿಗೂ ಹೋಗಬೇಕು ಎಂಬ ಮಾತು ನಮ್ಮ ಸಭೆಯಲ್ಲಿ ಒಮ್ಮೆ ಬಂದಿತ್ತು. ಆಗ ಇವಳು ಶಾಲೆಗೆ ಹೋಗುತ್ತಿದ್ದಳು. ನಾನು ಆ ದಿನ ಅಲ್ಲೇ ಕೂತಿದ್ದೆ. ಏಳಬೇಕು, ಮಾತಾಡಬೇಕು ಅಂದುಕೊಂಡೆ. ನನ್ನ ಮಗಳಿಗಾಗಿ ಕೇಳುತ್ತಿದ್ದಾನೆ ಎಂದುಕೊಂಡಾರು ಎಂದು ನಾಚಿಕೆಯಾಯಿತು. ಏಳಲಿಲ್ಲ. ಆಮೇಲೆ ಆ ಕುರ್ಚಿಯೇ ಹೋಯಿತು."

ಮಗಳ ಕೈ ನಿಂತಿತು. ತಲೆಯೆತ್ತದೆ ಹೇಳಿದಳು: "ನನಗೆ ಆ ಪದವಿ ಬೇಕಿರಲಿಲ್ಲ ಅಪ್ಪ. ನೀವು ನನ್ನನ್ನು ಕೇಳಬಹುದಿತ್ತು, ಅಷ್ಟೆ."

"ಹೌದು. ಕೇಳಬೇಕಿತ್ತು" ಎಂದರು ಸಾಹೇಬರು.

ಇಷ್ಟನ್ನೂ ನಾನು ಮಾವನಿಗೆ ಹೇಳಿದೆ. ಅಷ್ಟು ವಯಸ್ಸಾದ, ಅಷ್ಟೆಲ್ಲ ಪದವಿ ಕಂಡ ಮನುಷ್ಯ, ಹೊರಗಿನವರ ಎದುರು, ಮಗಳ ಎದುರು, ಒಂದು ನೆಪವನ್ನೂ ಹೇಳದೆ ಒಪ್ಪಿಕೊಂಡದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ನಮ್ಮ ಕಾಲೇಜಿನ ಪ್ರಾಂಶುಪಾಲರುಗಳನ್ನೆಲ್ಲ ನೆನೆದುಕೊಂಡೆ, ಅವರಲ್ಲಿ ಯಾರೂ ಹತ್ತಿರಕ್ಕೂ ಬರಲಿಲ್ಲ.

ಆಗ ಸಾಹೇಬರು ಮಾವನ ಕಡೆ ತಿರುಗಿ, ನನ್ನತ್ತ ಕೈ ತೋರಿಸಿ, "ನಿಮ್ಮ ನಂತರ ಇವರು ಯಾಕೆ ಆಗಬಾರದು?" ಎಂದು ಕೇಳಿದರು.

ವರ್ಷಗಟ್ಟಲೆ ನುಂಗಿಕೊಂಡ ಪ್ರಶ್ನೆಯನ್ನು ಯಾರದೋ ಪ್ರಶ್ನೆ ಎಂಬಂತೆ ನಾನೇ ಕೇಳಬೇಕಾಗಿತ್ತು. "ಮಾವ, ಸಾಹೇಬ್ರ್ ಕೇಂತಿದ್ರ್... ನಿಮ್ ನಂತ್ರ ಇವ್ಳ್ ಎಂತಕೆ ಆಪುಕಾಗ ಅಂದೇಳಿ."

ಮಾವ ನನ್ನನ್ನೇ ನೋಡಿದರು. ಪ್ರಶ್ನೆ ಎಷ್ಟು ಸಾಹೇಬರದು, ಎಷ್ಟು ನನ್ನದು ಎಂದು ತೂಗಿ ನೋಡುವ ಹಾಗಿತ್ತು. ನಾನು ಕಣ್ಣು ತಗ್ಗಿಸಲಿಲ್ಲ.

"ಹೆಣ್ಮಕ್ಳ್ ಗುರಿಕಾರ್ರ್ ಆದ್ದ್ ನಾ ಕಂಡಿಲ್ಲೆ ಅಂತ ಹೇಳ್ ಅವ್ರಿಗೆ."

ಹೇಳಿದೆ. "ಕಂಡಿಲ್ಲ ಎಂದರೋ, ಕೂಡದು ಎಂದರೋ?" ಎಂದರು ಸಾಹೇಬರು. ಅದನ್ನೂ ಕೇಳಿದೆ. ಮಾವ ಊರುಗೋಲು ಹಿಡಿದು ಎದ್ದರು. "ಕಪ್ಪಾತ್, ನಾ ಬತ್ತೆ" ಎಂದು ಮನೆಗೆ ನಡೆದರು. ಕತ್ತಲಾಗುವುದಕ್ಕೆ ಇನ್ನೂ ಬಹಳ ಹೊತ್ತಿತ್ತು.

ಮಾರನೇ ಬೆಳಿಗ್ಗೆ ಸಾಹೇಬರು ನನ್ನನ್ನು ಕರೆದುಕೊಂಡು ಮಾವನ ಮನೆಗೆ ಹೋದರು. "ನಿನ್ನೆ ನಾನು ನಿಮ್ಮೂರಿನ ವಿಷಯದಲ್ಲಿ ಬಾಯಿ ಹಾಕಿದೆ. ಅತಿಥಿ ಮಾಡುವ ಕೆಲಸವಲ್ಲ" ಎಂದರು. ಮಾವ ಬೊಂಡ ಕೆತ್ತಿಸಿ ಎಳನೀರು ಕೊಟ್ಟರು. ಆ ವಿಷಯ ಮತ್ತೆ ಯಾರೂ ಎತ್ತಲಿಲ್ಲ. ಮಾರ್ಚಿನಲ್ಲಿ ಸಾಹೇಬರು ಹೊರಟಾಗ ಮಾವ ಒಂದು ಪೊಟ್ಟಣ ಒಣ ಸಿಗಡಿ ಕೊಟ್ಟರು. ಅದರ ವಾಸನೆಗೆ ವಿಮಾನದವರು ಏನು ಮಾಡಿದರೋ ತಿಳಿಯದು.

ಯುಗಾದಿ ಕಳೆದ ಮೇಲೆ ಕೇರಿಯ ಹಿರಿಯರು ಮಾವನ ಬಳಿಗೆ ಹೋಗಿ, ಇನ್ನು ತಡ ಬೇಡ, ಮಗನಿಗೆ ಗುರಿಕಾರಿಕೆಯ ವೀಳ್ಯ ಕೊಟ್ಟುಬಿಡಿ ಎಂದರು. ಮಾವ "ಕಾಂಬ" ಎಂದರಂತೆ, ನೋಡೋಣ ಎಂದು. ನನಗೆ ಆ "ಕಾಂಬ" ಮುಗಿಯಿತು ಎಂದೇ ಕೇಳಿಸಿತು. ಆ ರಾತ್ರಿ ಊಟ ಸೇರಲಿಲ್ಲ. ಮಗ ಒಳ್ಳೆಯವನು, ಅವನ ಮೇಲೆ ಸಿಟ್ಟಿರಲಿಲ್ಲ. ಮಾವನ ಮೇಲೆ ಸಿಟ್ಟಿತ್ತು, ಕೇಳಲು ಪರದೇಶದವರೊಬ್ಬರು ಬೇಕಾಯಿತಲ್ಲ ಎಂದು ನನ್ನ ಮೇಲೂ ಇತ್ತು.

ಮೇ ತಿಂಗಳ ಒಂದು ಬೆಳಗ್ಗೆ ಸಾಹೇಬರ ಮಗಳು ಮಹಡಿಯಿಂದ ಇಳಿದು ಬಂದು ನಮ್ಮ ಅಡುಗೆಮನೆಯ ಹೊಸ್ತಿಲಲ್ಲಿ ಕೂತಳು. "ಅಪ್ಪ ಹೋದ್ರು" ಎಂದಳು, ಕನ್ನಡದಲ್ಲೇ. ಅಲ್ಲಿ ತಮ್ಮ ಊರಿನಲ್ಲಿ, ನಿದ್ದೆಯಲ್ಲಿ ಹೋಗಿದ್ದರು. ಮಂಗಳೂರಿನಿಂದ ವಿಮಾನ ಇದ್ದದ್ದು ಸಂಜೆಗೆ. ನಾನು ಕಾಫಿ ಕೊಟ್ಟೆ, ಅವಳು ಲೋಟ ಹಿಡಿದುಕೊಂಡು ಮೇಲೆ ಹೋದಳು. ಕುಡಿದಳೋ ಇಲ್ಲವೋ.

ಒಂದು ಗಂಟೆಯೊಳಗೆ ಅಂಗಳ ತುಂಬಿತು. ಹೆಂಗಸರು ಮೀನಿನ ಬುಟ್ಟಿಗಳನ್ನು ಬೇಲಿಯ ಹೊರಗೆ ಇಟ್ಟು ಬಂದಿದ್ದರು. ಆದರೆ ಯಾರಿಗೂ ಮುಂದೇನೆಂದು ತಿಳಿಯದು. ಹೆಣ ಇಲ್ಲಿಲ್ಲ, ಮನೆ ನನ್ನದು, ದುಃಖ ಮಹಡಿಯದು. ಇದನ್ನು ಸಾವಿನ ಮನೆ ಎನ್ನುವುದೋ ಬೇಡವೋ ಎಂದು ಗಂಡಸರು ತಲೆ ಕೆರೆದುಕೊಳ್ಳುತ್ತಿರುವಾಗ ಮಾವ ರಿಕ್ಷಾದಿಂದ ಇಳಿದರು. ಒಗೆದ ಬಿಳಿ ಪಂಚೆ, ಹೆಗಲ ಮೇಲೆ ಶಾಲು, ಗುರಿಕಾರರಾಗಿ ಹೋಗುವಾಗಿನ ಉಡುಗೆ. ಜನ ಜಾಗ ಬಿಟ್ಟರು. ಮಾವ ಮಹಡಿಯ ಮೆಟ್ಟಿಲ ಬುಡಕ್ಕೆ ಬಂದು ಕಂಬಿ ಹಿಡಿದು ಮೇಲೆ ನೋಡಿದರು. ಒಂದು ಮೆಟ್ಟಿಲು ಹತ್ತಿದರು. ಕಾಲು ನಡುಗಿತು, ಇಳಿದರು.

"ಅಪ್ಪಯ್ಯ, ನಾ ಹೋತೆ" ಎಂದು ಮಗ ಮುಂದೆ ಬಂದ. ಹಿರಿಯರು ತಲೆದೂಗಿದರು.

ಮಾವ ಅವನ ಹೆಗಲ ಮೇಲೆ ಕೈಯಿಟ್ಟು ತಡೆದರು. ಆಮೇಲೆ ಎಲ್ಲರಿಗೂ ಕೇಳುವ ಹಾಗೆ ಹೇಳಿದರು:

"ಗುರಿಕಾರ್ರ್ ಹೋತ್ರ್. ದಾರಿ ಬಿಡಿ."

ಯಾರು ಎಂದು ಜನ ಅತ್ತಿತ್ತ ನೋಡಿದರು. ನಾನೂ ನೋಡಿದೆ. ಮಾವ ನೋಡುತ್ತಿದ್ದದ್ದು ನನ್ನನ್ನು.

"ಎಂತ ಕಾಂತ್ರಿ? ಹೋಯ್ನಿ. ಆ ಹೆಣ್ಣ್ ಒಂದೇ ಇತ್ತ್ ಮೇಲೆ." ನನ್ನನ್ನು ಏಕವಚನದಲ್ಲೇ ಕರೆಯುತ್ತಿದ್ದ ಮಾವ "ಹೋಯ್ನಿ" ಎಂದು ಬಹುವಚನ ಬಳಸಿದ್ದು ಅದೇ ಮೊದಲು.

ನನಗೆ ಅಳು ಬಂತು, ಸಾಹೇಬರಿಗಾಗಿಯೋ ನನಗಾಗಿಯೋ ಹೇಳಲಾರೆ. ಸೆರಗು ಸರಿಮಾಡಿಕೊಂಡು ಮೆಟ್ಟಿಲು ಹತ್ತಿದೆ. ಮೇಲೆ ಬಾಗಿಲು ತೆರೆದೇ ಇತ್ತು. ನನ್ನ ಹಿಂದೆ ಕೇರಿಗೆ ಕೇರಿಯೇ ಹತ್ತುವ ಸದ್ದು ಕೇಳಿ ಸಾಹೇಬರ ಮಗಳು ಎದ್ದು ನಿಂತಳು.