ಜೀಪಿಗೆ ಹಾಕಿಸಿದ ಮೋಟು ಕೊಳವೆ

೧೯೬೧ರ ಚಳಿಗಾಲ. ಆಗ ನಾವು ಹರಿಹರದಲ್ಲಿದ್ದೆವು. ಮಿಲಿಟರಿ ಹರಾಜಿನಲ್ಲಿ ಬಂದ ಹಳೇ ಜೀಪೊಂದು ನನ್ನ ಹತ್ತಿರ ಇತ್ತು. ಬಡಗಿಯ ಕೈಲಿ ಅದರ ಹಿಂಭಾಗ ಉದ್ದ ಮಾಡಿಸಿ, ಹಲಗೆಯ ತಳ ಹಾಕಿಸಿ, ಮೇಲೆ ತಾಡಪತ್ರಿ ಹೊದಿಸಿದ್ದೆ. ಸುತ್ತಲ ಹಳ್ಳಿಗಳ ಹತ್ತಿಯನ್ನು ದಾವಣಗೆರೆಯ ಜಿನ್ನಿಂಗ್ ಕಾರ್ಖಾನೆಗಳಿಗೆ ಸಾಗಿಸುವುದು ನನ್ನ ಕಸುಬು. ಹತ್ತಿ ಇಲ್ಲದ ದಿನ ಮದುವೆ ದಿಬ್ಬಣ. ನಮ್ಮ ಓಣಿಯಲ್ಲಿ ಜೀಪಿನವನು ಎಂದರೆ ನಾನೇ. ಆ ಜಂಬ ಬೇಕಾದಷ್ಟಿತ್ತು, ಮುಚ್ಚಿಡುವುದೇಕೆ.

ಆ ವರ್ಷ ಸುಗ್ಗಿಯ ಹೊತ್ತಿಗೆ ಸರಿಯಾಗಿ ಜೀಪಿನ ಸೈಲೆನ್ಸರ್ ತುಕ್ಕು ಹಿಡಿದು ತೂತಾಯಿತು. ಸದ್ದು ಊರಿಗೆಲ್ಲ ಕೇಳುತ್ತಿತ್ತು. ಅದನ್ನಾದರೂ ಸಹಿಸಬಹುದು, ಹಿಂದಿನ ಕೊಳವೆಯಿಂದ ಆಗಾಗ ಕಿಡಿ ಹಾರತೊಡಗಿತು. ಹತ್ತಿಯ ಅಂಗಳಕ್ಕೆ ಕಿಡಿ ಹಾರುವ ಗಾಡಿಯನ್ನು ಯಾರು ಬಿಡುತ್ತಾರೆ? ಕಾರ್ಖಾನೆಯ ಗೇಟಿನಲ್ಲೇ ತಡೆದು ವಾಪಸು ಕಳಿಸಿದರು.

ದಾವಣಗೆರೆಯಲ್ಲಿ ಮೆಹಬೂಬ್ ಸಾಬರೆಂಬ ವೆಲ್ಡಿಂಗ್ ಮಾಡುವವರಿದ್ದರು. ಮಾತು ಕಡಿಮೆ, ಕೆಲಸ ಗಟ್ಟಿ. ಅವರು ಹಳೇ ಬಸ್ಸಿನದೊಂದು ಸೈಲೆನ್ಸರ್ ತೋರಿಸಿದರು. ಬಲು ಭಾರ, ಜೀಪಿಗೆ ಹೊಂದುವಂತಿರಲಿಲ್ಲ. ಇನ್ನೊಂದು ಸೈಲೆನ್ಸರ್ ಜೀಪಿನಿಂದಲೇ ಬಿಚ್ಚಿದ್ದು, ಗಟ್ಟಿಮುಟ್ಟಾಗಿತ್ತು. ಅದಕ್ಕೆ ಉದ್ದನೆಯ ಕೊಳವೆ ಬೆಸೆದು ಗಾಡಿಯ ತುದಿಯ ಆಚೆಗೆ ಬಿಡಬಹುದಿತ್ತು. ಆದರೆ ನನಗೆ ಬೇಕಾಗಿದ್ದುದೇ ಬೇರೆ. ಕೆಲವು ಹತ್ತಿ ಗಾಡಿಯವರು ಕೊಳವೆಯನ್ನು ಮೋಟು ಮಾಡಿಸಿ, ಗಾಡಿಯ ತಳದ ನಡುವೆಯೇ ನೆಲದ ಕಡೆಗೆ ಬಗ್ಗಿಸಿಕೊಂಡಿದ್ದರು. ಹಿಂದಿನಿಂದ ಅಂಡಿಗೆ, ಅಂದರೆ ಹತ್ತಿಯ ಮೂಟೆ, ಇಳಿಸುವಾಗ ಕಿಡಿಯ ಭಯವಿಲ್ಲ, ಗೇಟಿನವನ ತಕರಾರೂ ಇಲ್ಲ. ಜೊತೆಗೆ ಗುಡುಗುಡು ಎಂಬ ಗತ್ತಿನ ಸದ್ದು ಬೇರೆ. ನನಗೂ ಅದೇ ಇರಲಿ ಎಂದೆ.

ಸಾಬರು ತಕ್ಷಣ ಒಪ್ಪಲಿಲ್ಲ. "ಹತ್ತಿ ಹೊರಾಕ ಇದು ಚಲೋ ಐತೆ. ಆದ್ರ ನಿಮ್ಮ ಗಾಡಿ ತಳ ಹಲಗಿದು, ಸಂದು ಭಾಳ ಅದಾವು. ಮಂದಿ ಕುಂತಾಗ ತಾಡಪತ್ರಿ ಬಿಗಿಬ್ಯಾಡ್ರಿ, ಹೊಗಿ ಒಳಗ ಬರತೈತೆ" ಎಂದರು.

"ಆತು ಬಿಡ್ರಿ ಸಾಬ್ರೆ, ಹೊಗಿ ಕುಡಿದು ಯಾರು ಸತ್ತಾರ" ಎಂದು ನಕ್ಕೆ. ಈ ಮಾತು ನನ್ನ ಬಾಯಿಂದಲೇ ಬಂತು. ಎಷ್ಟು ಸಲ ನೆನೆದರೂ ಅದನ್ನು ಬೇರೆ ಯಾರ ಬಾಯಿಗೂ ಹಾಕಲಾಗುತ್ತಿಲ್ಲ.

ಇದಾಗಿ ತಿಂಗಳೊಳಗೆ ನನ್ನ ತಂಗಿ ಗಿರಿಜಾಗೆ ದಾವಣಗೆರೆಯ ಆಸ್ಪತ್ರೆಯಲ್ಲಿ ಹೆರಿಗೆಯಾಯಿತು. ಚೊಚ್ಚಲು, ಗಂಡು ಕೂಸು. ಅವಳನ್ನು ಕೊಟ್ಟಿದ್ದು ಕುಕ್ಕುವಾಡಕ್ಕೆ. ಬಾಣಂತನಕ್ಕೆ ತವರಿಗೆ, ಹರಿಹರಕ್ಕೆ, ಕರೆತರಬೇಕು. ಬಸ್ಸು ಬೇಡ, ಮನೆಯ ಜೀಪೇ ಇರುವಾಗ ಬಸ್ಸೇಕೆ ಎಂದು ನಾನೇ ಮುಂದಾದೆ.

ಹನ್ನೊಂದನೆಯ ದಿನ ಬೆಳಿಗ್ಗೆ ಆಸ್ಪತ್ರೆಯಿಂದ ಹೊರಟೆವು. ಹಲಗೆಯ ಮೇಲೆ ಹುಲ್ಲು ಹರಡಿ, ಅದರ ಮೇಲೆ ಎರಡು ಕೌದಿ ಹಾಸಿದ್ದೆ. ಗಿರಿಜಾ ತಲೆಗೆ, ಕಿವಿಗೆ ಬಟ್ಟೆ ಬಿಗಿದುಕೊಂಡು ಕೂಸನ್ನು ಮಗ್ಗುಲಲ್ಲಿ ಇಟ್ಟುಕೊಂಡು ಮಲಗಿದಳು. ಅವ್ವ ಅವಳ ಕಾಲ ಬಳಿ ಕೂತಳು. ಚಳಿಗಾಳಿ ಬೀಸುತ್ತಿತ್ತು. ಬಾಣಂತಿಗೆ ಗಾಳಿ ಸೋಕಬಾರದು, ಇದು ನಮ್ಮ ಮನೆಗಳಲ್ಲಿ ದೇವರ ಅಪ್ಪಣೆಗಿಂತ ದೊಡ್ಡದು. ನಾಲ್ಕೂ ಕಡೆ ತಾಡಪತ್ರಿ ಇಳಿಸಿ, ಎಳೆದು, ಹಗ್ಗ ಬಿಗಿದೆ. ಸಾಬರ ಮಾತು ಆಗ ನೆನಪಿಗೇ ಬರಲಿಲ್ಲ.

ದಾರಿಯಲ್ಲಿ ರೈಲ್ವೆ ಗೇಟು ಹಾಕಿತ್ತು. ಗೂಡ್ಸ್ ಗಾಡಿಯೊಂದು ಹಿಂದೆ ಮುಂದೆ ಹೋಗುತ್ತ ಅರ್ಧ ಗಂಟೆಗೂ ಹೆಚ್ಚು ನಿಲ್ಲಿಸಿತು. ನನ್ನ ಜೀಪನ್ನು ಒಮ್ಮೆ ಆರಿಸಿದರೆ ಮತ್ತೆ ಹ್ಯಾಂಡಲ್ ಹಾಕಿ ತಿರುವಿ ಬೆವರು ಸುರಿಸಬೇಕು. ಅದಕ್ಕೇ ಇಂಜಿನ್ ಆರಿಸಲಿಲ್ಲ. ಗುಡುಗುಡು ಎನ್ನುತ್ತ ನಿಂತಿತ್ತು.

ಒಳಗಿನಿಂದ ಗಿರಿಜಾ ಕೂಗಿದಳು. "ಅಣ್ಣ, ಉಸಿರು ಕಟ್ಟಿದಂಗ ಆಗ್ತೈತೆ. ಒಂದು ಕಡಿ ಬಿಚ್ಚಲೇನು?"

"ಬ್ಯಾಡ, ಗಾಳಿ ಐತೆ" ಎಂದೆ. ಅವ್ವನೂ, "ನನಗೂ ತಲಿ ತಿರುಗ್ತೈತೆ, ಖಾಲಿ ಹೊಟ್ಟಿ ಪಿತ್ತ ಅದು. ಸುಮ್ಕ ಮಲಗು" ಎಂದಳು.

ಸ್ವಲ್ಪ ಹೊತ್ತಿಗೆ ತಾಡಪತ್ರಿಯ ಅಂಚು ಒಂದು ಗೇಣು ಮೇಲೆದ್ದಿದ್ದು ಕಂಡಿತು. ಗಿರಿಜಾಳ ಕೈ ಅದನ್ನು ಹಿಡಿದಿತ್ತು. ಇಳಿದು ಹೋಗಿ ಆ ಕೈಯನ್ನು ಒಳಗೆ ತಳ್ಳಿದೆ. "ನಾಳೆ ಏನಾದ್ರೂ ಆದ್ರ ನಿನ್ನ ಗಂಡನ ಮನಿಯವ್ರಿಗೆ ಉತ್ತರ ಕೊಡೋನು ನಾನು" ಎಂದು ಗದರಿಸಿ ಇನ್ನೊಂದು ಗಂಟು ಹಾಕಿದೆ. ಆಮೇಲೆ ಅವಳು ಮಾತಾಡಲಿಲ್ಲ. ನಿದ್ದೆ ಹತ್ತಿರಬೇಕು ಎಂದುಕೊಂಡೆ.

ಮನೆ ಮುಂದೆ ಹಗ್ಗ ಬಿಚ್ಚಿದಾಗ ಅವ್ವ ಇಳಿದವಳೇ ನಿಲ್ಲಲಾರದೆ ಗಾಲಿ ಹಿಡಿದು ಕೂತುಬಿಟ್ಟಳು. ಗಿರಿಜಾ ಹೊಸ್ತಿಲಲ್ಲೇ ವಾಂತಿ ಮಾಡಿಕೊಂಡು ಕುಸಿದಳು. ಅವಳನ್ನು ಎತ್ತಿ ಒಳಗೊಯ್ಯುವ ಗಡಿಬಿಡಿಯಲ್ಲಿ ಕೂಸನ್ನು ಪಕ್ಕದ ಮನೆಯಾಕೆ ಎತ್ತಿಕೊಂಡಳು. ಮುಖ ನೋಡಿ, "ಎಷ್ಟು ಕೆಂಪಗ ಐತ್ರಿ ಕೂಸು, ಹಣ್ಣಾದಂಗ ಐತೆ. ನಿದ್ದಿ ಮಾಡ್ಲಿ, ಎಬ್ಬಿಸಬ್ಯಾಡ್ರಿ" ಎಂದು ತೊಟ್ಟಿಲಲ್ಲಿ ಮಲಗಿಸಿದಳು. ನಾನೂ ನೋಡಿದೆ. ನಿಜವಾಗಿಯೂ ಚಂದ ಇತ್ತು.

ಗಿರಿಜಾ ಚೇತರಿಸಿಕೊಂಡು ಹಾಲೂಡಿಸಲು ಕೂಸನ್ನು ಕೇಳಿದಾಗ ಗೊತ್ತಾಯಿತು. ಕೂಸು ಆಗಲೇ ಹೋಗಿತ್ತು.

ಸುದ್ದಿ ಮುಟ್ಟಿ ಸಂಜೆಯ ಹೊತ್ತಿಗೆ ಕುಕ್ಕುವಾಡದಿಂದ ಬೀಗರು ಬಂದರು. ಹೇಗಾಯಿತು ಎಂದು ಗಿರಿಜಾಳ ಅತ್ತೆ ಕೇಳಿದ್ದಕ್ಕೆ ಅವ್ವ ಅಳುತ್ತ ಹೇಳಿದಳು: "ಬ್ಯಾಡ ಅಂದ್ರೂ ಕೇಳಲಿಲ್ರಿ, ಗೇಟಿನ್ಯಾಗ ಪರದಿ ಎತ್ತಿದ್ಲು. ಗಾಳಿ ಸೋಕ್ತು." ಅಷ್ಟು ಸಾಕಾಯಿತು. ಮಣ್ಣು ಮಾಡಿ ಬರುವಷ್ಟರಲ್ಲಿ ಊರಿಗೆಲ್ಲ ಅದೇ ಮಾತು. ಗಿರಿಜಾ ಗೋಡೆಗೆ ಮುಖ ಮಾಡಿ ಮಲಗಿದ್ದಳು. ನನಗೂ ಅವಳ ಮೇಲೆ ಸಿಟ್ಟೇ ಇತ್ತು.

ಹದಿನೈದು ದಿನದ ಮೇಲೆ ಹತ್ತಿ ಇಳಿಸಿ ಬರುವಾಗ ಇಬ್ಬರು ಹಮಾಲರನ್ನು ಹಿಂದೆ ಕೂಡಿಸಿಕೊಂಡೆ. ಚಳಿಯೆಂದು ಅವರೇ ತಾಡಪತ್ರಿ ಬಿಗಿದುಕೊಂಡರು. ಹರಿಹರ ಮುಟ್ಟುವುದರೊಳಗೆ ಒಬ್ಬ ವಾಂತಿ ಮಾಡಿಕೊಂಡ, ಇನ್ನೊಬ್ಬ ತಲೆ ಹಿಡಿದು ನೆಲಕ್ಕೆ ಕೂತ. ಅವರನ್ನು ನೋಡುತ್ತ ನಿಂತವನಿಗೆ ಸಾಬರ ಮಾತು ಪೂರ್ತಿಯಾಗಿ ನೆನಪಾಯಿತು.

ಮರುದಿನ ಸಾಬರ ಹತ್ತಿರ ಹೋದೆ. ಅವರು ಇಂಜಿನ್ ಚಾಲೂ ಮಾಡಿ, ತಾಡಪತ್ರಿ ಬಿಗಿದು ನನ್ನನ್ನು ಒಳಗೆ ಕೂಡಿಸಿದರು. ಸ್ವಲ್ಪ ಹೊತ್ತಿಗೇ ಕಣ್ಣು ಉರಿದು, ತಲೆ ಸಿಡಿಯತೊಡಗಿತು. ಹೊರಗೆ ಬಂದೆ.

"ಯಾರು ಕುಂತಿದ್ರು ಹಿಂದ?" ಎಂದು ಕೇಳಿದರು.

"ಹಮಾಲ್ರು" ಎಂದೆ.

ಅಷ್ಟೇ ಹೇಳಿದೆ. ಅವತ್ತೇ ಉದ್ದನೆಯ ಕೊಳವೆ ಹಾಕಿಸಿಕೊಂಡೆ. ಮನೆಗೆ ಬಂದು ಹೇಳಿಬಿಡಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ಒಳಗೆ ಅವ್ವ ರೊಟ್ಟಿ ಬಡಿಯುತ್ತಿದ್ದಳು. "ಯಾಕ, ಮುಖ ಸಣ್ಣಗಾಗೈತೆ?" ಎಂದಳು. ಏನೂ ಇಲ್ಲ ಎಂದೆ. ನಾಳೆ ಹೇಳೋಣ ಎಂದುಕೊಂಡೆ. ಆ ನಾಳೆಗೆ ಏಳು ವರ್ಷ ಹಿಡಿಯಿತು.

ಆ ಏಳು ವರ್ಷದಲ್ಲಿ ಗಿರಿಜಾಗೆ ಒಬ್ಬಳು ಮಗಳು ಹುಟ್ಟಿದಳು. ಬಿಸಿಲುಗಾಲದಲ್ಲೂ ಆ ಹುಡುಗಿಯ ಕಿವಿಗೆ ಬಟ್ಟೆ ಕಟ್ಟುತ್ತಾಳೆ, ಕಿಟಕಿ ತೆರೆಯಲು ಬಿಡುವುದಿಲ್ಲ. ಅವ್ವನಂತೂ ಗಿರಿಜಾಳ ಜೊತೆ ಮೊದಲಿನ ಹಾಗೆ ಒಂದು ದಿನವೂ ಮಾತಾಡಲಿಲ್ಲ. ಚಿಕ್ಕ ಜಗಳವಾದರೂ, "ಕೂಸಿಗೇ ಗಾಳಿ ಬಿಟ್ಟಾಕಿ ನೀನು" ಎನ್ನುತ್ತಿದ್ದಳು. ನಾನು ಅಲ್ಲೇ ಕೂತು ಊಟ ಮಾಡುತ್ತಿದ್ದೆ.

ಹೋದ ವರ್ಷ ಅವ್ವ ತೀರಿಕೊಂಡಳು. ಕಾರ್ಯವೆಲ್ಲ ಮುಗಿದು ನೆಂಟರು ಹೋದ ಮೇಲೆ ಗಿರಿಜಾಳನ್ನು ಹಿತ್ತಲಿಗೆ ಕರೆದು ಎಲ್ಲವನ್ನೂ ಹೇಳಿದೆ. ಬೈಯುತ್ತಾಳೆ, ಹೊಡೆಯುತ್ತಾಳೆ ಎಂದುಕೊಂಡಿದ್ದೆ. ಅವಳು ಒಂದೇ ಮಾತು ಕೇಳಿದಳು.

"ಯಾವಾಗ ಗೊತ್ತಾತು ನಿನಗ?"

"ಹದಿನೈದು ದಿನಕ್ಕ."

"ಜಗತ್ತು ಏನಾದ್ರೂ ಅನ್ಲಿ ಅಣ್ಣ" ಎಂದಳು. "ಅವ್ವಗ ಒಂದು ಮಾತು ಹೇಳಬೇಕಿತ್ತು ನೀನು."

ಎದ್ದು ಒಳಗೆ ಹೋದಳು. ಮಗಳನ್ನು ಕರೆದುಕೊಂಡು ಅವತ್ತೇ ಬಸ್ಸಿಗೆ ಹೋದಳು. ಜೀಪಿನಲ್ಲಿ ಬಿಟ್ಟು ಬರುತ್ತೇನೆ ಎನ್ನುವ ಧೈರ್ಯ ನನಗಾಗಲಿಲ್ಲ.

ಈಗ ಯಾರಿಗೆ ಬೇಕಾದರೂ ಹೇಳಬಲ್ಲೆ. ಅವಳ ಗಂಡನಿಗೆ, ಅತ್ತೆಗೆ, ಕುಕ್ಕುವಾಡದ ಮನೆಮನೆಗೆ ಹೋಗಿ ಹೇಳಿಯೂ ಬಂದಿದ್ದೇನೆ. ಕೇಳಿಸಿಕೊಳ್ಳಬೇಕಾಗಿದ್ದ ಅವ್ವ ಮಾತ್ರ ಇಲ್ಲ.