ಉಣ್ಣಲು ಬರುತ್ತಾಳೆ ಎಂದವನು

ಸಾಕ್ಷಿ ಹೇಳುವವರೆಂದರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ದೇವರು ತಮ್ಮ ಬಾಳಿನಲ್ಲಿ ಮಾಡಿದ ಅದ್ಭುತವನ್ನು ಚರ್ಚಿನಲ್ಲಿ ಎದ್ದು ನಿಂತು ಎಲ್ಲರೆದುರು ಹೇಳುವುದಕ್ಕೆ ನಾವು ಸಾಕ್ಷಿ ಎನ್ನುತ್ತೇವೆ. ಯಾರಿಗೋ ಕನಸಿನಲ್ಲಿ ಬೆಳಕು ಕಂಡಿತಂತೆ, ಇನ್ಯಾರಿಗೋ ತಪ್ಪಿಹೋದ ಬಸ್ಸು ಹಿಂದಕ್ಕೆ ಬಂದಿತಂತೆ. ನಾನು ಕೊನೆಯ ಸಾಲಿನಲ್ಲಿ ಕೂತು ಸೆರಗು ಸರಿಮಾಡಿಕೊಳ್ಳುತ್ತಿದ್ದೆ. ದೇವರನ್ನು ನಂಬಿದವಳೇ, ಆದರೆ ಆತ ಬಸ್ಸು ತಿರುಗಿಸುತ್ತಾನೆಂದು ನಂಬಲು ಮನಸ್ಸು ಒಪ್ಪುತ್ತಿರಲಿಲ್ಲ. ಇಂಥ ನಾನೇ ಈಗ ಒಂದು ಸಂಗತಿ ಹೇಳಲು ಹೊರಟಿದ್ದೇನೆ. ನಿಮಗೆ ನಗು ಬಂದರೆ ನಕ್ಕುಬಿಡಿ, ನನಗೇನೂ ಬೇಸರವಿಲ್ಲ. ಇಂಥವೆಲ್ಲ ರಾತ್ರಿ ಹೊತ್ತು ನಡೆಯುತ್ತವೆ ಎನ್ನುತ್ತಾರೆ. ನನ್ನದು ನಡೆದದ್ದು ಹಾಡಹಗಲಲ್ಲಿ.

ತೊಂಬತ್ತರ ದಶಕದ ಕೊನೆಯ ವರ್ಷಗಳು. ನಾನು ಹುಣಸೂರಿನಲ್ಲಿ ಶಾಲಾ ಶಿಕ್ಷಕಿ. ಭಾನುವಾರದ ಆರಾಧನೆಗೆ ಮುಂಚೆ ನಮ್ಮ ಚರ್ಚಿನ ಹೆಂಗಸರಿಗೆ ವೇದಪಾಠ, ಎಂದರೆ ಬೈಬಲ್ ಪಾಠ, ನಡೆಸುತ್ತಿದ್ದೆ. ಒಂದು ಭಾಗ ಓದುವುದು, ಅದರಿಂದ ನಮ್ಮ ದಿನದ ಬಾಳಿಗೆ ಏನು ಕಲಿಯಬಹುದು ಎಂದು ಮಾತಾಡುವುದು, ಇಷ್ಟೇ. ಕಲಿಯುವುದು ಬೇಕಾದಷ್ಟು ಸಿಗುತ್ತಿತ್ತು. ಹೆಚ್ಚಿನದು ಪಕ್ಕದ ಮನೆಯವರು ಕಲಿಯಬೇಕಾದದ್ದು.

ಆ ಭಾನುವಾರ ನಮ್ಮ ಸುಗ್ಗಿ ಹಬ್ಬ. ಹೊಸ ಬೆಳೆಯಲ್ಲಿ ಒಂದಿಷ್ಟನ್ನು ಕಾಣಿಕೆಯಾಗಿ ತಂದು ದೇವರ ಮುಂದಿಡುತ್ತಾರೆ, ಆರಾಧನೆ ಮುಗಿದ ಮೇಲೆ ಅದನ್ನು ಹರಾಜು ಹಾಕುತ್ತಾರೆ. ಕುಂಬಳಕಾಯಿ, ತೆಂಗಿನಕಾಯಿ, ರಾಗಿಯ ಚೀಲಗಳು ಬೆಳಿಗ್ಗೆಯೇ ರಾಶಿ ಬಿದ್ದಿದ್ದವು. ಶಾಂತಮ್ಮ ಎಂಬ ವಯಸ್ಸಾದ ಹೆಂಗಸು ತಾವು ಸಾಕಿದ ಹುಂಜವನ್ನು ತಂದಿದ್ದರು. ನಾನು ದಿನಕ್ಕೆ ತಕ್ಕಂತೆ ಕಾಣಿಕೆಯ ಮಾತನ್ನೇ ಓದಿದೆ. ಕಾಣಿಕೆ ತಂದಾಗ, ನಿನ್ನ ಮೇಲೆ ಒಡಹುಟ್ಟಿದವರಿಗೆ ಬೇಸರವಿದೆ ಎಂದು ನೆನಪಾದರೆ, ಅದನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ಸಮಾಧಾನ ಮಾಡಿಕೊಂಡು ಬಾ ಎಂಬ ಮಾತು. ಅದರ ಒಳಗಿನ ಅರ್ಥವನ್ನು ನಾನು ವಿವರಿಸುತ್ತಿದ್ದಂತೆ ಶಾಂತಮ್ಮ ಎದ್ದರು. ಹುಂಜವನ್ನು ಪೀಠದ ಮುಂದಿನ ಕಟಕಟೆಯ ಕಾಲಿಗೆ ಕಟ್ಟಿ, ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟರು. ಹುಂಜ ಕೂಗತೊಡಗಿತು. ಹೆಂಗಸರೆಲ್ಲ ನಕ್ಕರು.

ನಾನು ರಸ್ತೆಯವರೆಗೆ ಓಡಿ ಅವರನ್ನು ಹಿಡಿದೆ.

“ಎಲ್ಲಿಗೆ ಶಾಂತಮ್ಮ?”

“ನೀವೇ ಯೋಳುದ್ರಲ್ಲ ಟೀಚರಮ್ಮ, ಬುಟ್ಟು ಓಗು ಅಂತ. ನನ್ ತಂಗಿ ತಾವ್ಕೆ.”

ಹಬ್ಬ ಮುಗಿಸಿಕೊಂಡು ನಾಳೆ ಹೋಗಿ ಎಂದೆ. ಅವರು ಕೇಳಲಿಲ್ಲ. ನನ್ನ ಪಾಠ ಕೇಳಿ ಹೊರಟವರನ್ನು ಕಂಡು ತಂಗಿ ಬಾಗಿಲು ಹಾಕಿಕೊಂಡರೆ ಆ ನೋವಿಗೆ ನಾನೇ ಕಾರಣಳಾಗುತ್ತೇನೆ ಎನ್ನಿಸಿ, ಪಾಠವನ್ನು ಬೇರೊಬ್ಬರಿಗೆ ಒಪ್ಪಿಸಿ ಅವರ ಜೊತೆಗೆ ಬಸ್ಸು ಹತ್ತಿದೆ.

ಎಚ್.ಡಿ. ಕೋಟೆಯ ಬಸ್ಸಿನಲ್ಲಿ ಕಥೆ ತಿಳಿಯಿತು. ಶಾಂತಮ್ಮ ಬೀಚನಹಳ್ಳಿಯ ಒಕ್ಕಲು ಮನೆಯಲ್ಲಿ ಹುಟ್ಟಿದವರು, ಮದುವೆಯಾದ ಮೇಲೆ ಗಂಡನ ಜೊತೆ ಕ್ರೈಸ್ತರಾದವರು. ತಾಯಿ ತೀರಿಕೊಂಡಾಗ ತಿಥಿಯ ದಿನ ತೀರಿಹೋದವರಿಗೆ ಮೊದಲು ಎಡೆ ಇಟ್ಟು ನೆಂಟರಿಗೆಲ್ಲ ಬಡಿಸಿದರು. ಎಡೆ ಇಟ್ಟ ಅನ್ನ ತಿನ್ನಬಾರದು ಎಂದು ನಮ್ಮ ಸಭೆಯ ಹಿರಿಯರು ಹೇಳಿದ್ದರಂತೆ. ಶಾಂತಮ್ಮ ಎಲೆಯ ಮುಂದಿನಿಂದ ಎದ್ದರು. ಅವ್ವನ ಅನ್ನ ಬೇಡ ಎಂದವಳು ಈ ಮನೆಯಲ್ಲಿ ಇನ್ನು ಉಣ್ಣುವುದೂ ಬೇಡ ಎಂದಳು ತಂಗಿ ನಿಂಗಮ್ಮ. ಅಂದಿನಿಂದ ಎಷ್ಟೋ ವರ್ಷ ಹೋಗಿಬರುವುದೂ ಇಲ್ಲ, ಮಾತೂ ಇಲ್ಲ.

“ಒಂದ್ ಲೋಟ ನೀರ್ ಕೊಟ್ರೆ ಸಾಕು ಕಣ್ರವ್ವ,” ಎಂದರು ಶಾಂತಮ್ಮ, ಕಿಟಕಿಯ ಕಡೆ ಮುಖ ಮಾಡಿಕೊಂಡು.

ಅಣೆಕಟ್ಟಿನ ಪಕ್ಕದ ಬೀಚನಹಳ್ಳಿ ತಲುಪಿದಾಗ ಮಧ್ಯಾಹ್ನ ಇಳಿದಿತ್ತು. ನಿಂಗಮ್ಮ ಬಾಗಿಲಲ್ಲೇ ನಿಂತಿದ್ದಳು. ಕೈಯಲ್ಲಿ ಕಾಲು ತೊಳೆಯುವ ನೀರಿನ ಚೊಂಬು.

“ಇಷ್ಟೊತ್ತಾ ಬರಾದು? ಮುದ್ದೆ ಆರೋಯ್ತು,” ಎಂದಳು.

ಒಳಗೆ ಮೂರು ತಟ್ಟೆ ಹಾಕಿತ್ತು. ಮುದ್ದೆ, ಹೊಸ ಅವರೆಕಾಳಿನ ಸಾರು. ಗೋಡೆಯ ಮೇಲೆ ಅವರ ತಾಯಿಯ ಫೋಟೋ. ಶಾಂತಮ್ಮ ಕೂತರು, ಆದರೆ ಕೈ ಮುಂದಕ್ಕೆ ಬರಲಿಲ್ಲ. ನಿಂಗಮ್ಮ ಅಕ್ಕನ ಮುಖವನ್ನೇ ನೋಡುತ್ತಿದ್ದವಳು ಮೆಲ್ಲಗೆ ಹೇಳಿದಳು:

“ಒಸಾ ಅವರೆ. ಅವ್ವುನ್ಗೆ ಮೊದ್ಲು ಎಡೆ ಇಕ್ಕಬೇಕಿತ್ತು. ಇನ್ನೂ ಇಕ್ಕಿಲ್ಲ ಕಣಕ್ಕ. ನೀನು ಉಂಡ್ಮೇಲೆ ಇಕ್ತೀನಿ. ಅವ್ವ ಕಾಯ್ತಾಳೆ ಬುಡು, ಉಣ್ಣು.”

ಶಾಂತಮ್ಮ ಅಳುತ್ತಲೇ ಮುದ್ದೆ ಮುರಿದರು. ಅಂಥ ಊಟವನ್ನು ನಾನು ಮತ್ತೆ ಉಂಡಿಲ್ಲ.

ಕೈ ತೊಳೆಯುವಾಗ, ನಾವು ಬರುವುದು ನಿಮಗೆ ಹೇಗೆ ಗೊತ್ತಾಯಿತು ಎಂದು ಕೇಳಿದೆ. ನಿಂಗಮ್ಮ ನನ್ನನ್ನು ಆಶ್ಚರ್ಯದಿಂದ ನೋಡಿದಳು. “ನೀವೇ ಯೋಳಿ ಕಳ್ಸಿದ್ರಲ್ಲ? ಬೆಳಿಗ್ಗೆ ಬಾಗ್ಲು ಸಾರಿಸ್ತಿದ್ದೆ. ಸೈಕಲ್‌ನಲ್ಲಿ ಒಬ್ಬ ಬಂದ. ನೀರು ಕೇಳ್ದ, ಕೊಟ್ಟೆ. ನಿಮ್ಮಕ್ಕ ಉಣ್ಣಕ್ಕೆ ಬತ್ತಾವ್ಳೆ, ಜೊತೆಗೆ ಇನ್ನೊಬ್ರವ್ರೆ ಅಂದ. ಡ್ಯಾಮ್ ಕಡೀಕೆ ಓದ.”

ಅವಳು ಬಾಗಿಲು ಸಾರಿಸುತ್ತಿದ್ದ ಹೊತ್ತಿಗೆ ಶಾಂತಮ್ಮ ಹುಣಸೂರಿನ ಮನೆಯಲ್ಲಿ ಹುಂಜ ಹಿಡಿಯಲು ಪರದಾಡುತ್ತಿದ್ದರು. ನಾನು ಇನ್ನೂ ವೇದ ತೆರೆದಿರಲಿಲ್ಲ. ಆ ಮನೆಯಲ್ಲಿ ಫೋನಿರಲಿಲ್ಲ. ಬರುತ್ತಾಳೆ ಎಂದಷ್ಟೇ ಹೇಳಿದ್ದರೆ ಯಾರೋ ಬಾಯಿಗೆ ಬಂದದ್ದು ಹೇಳಿದರು ಅನ್ನಬಹುದಿತ್ತು. ಉಣ್ಣಲು ಬರುತ್ತಾಳೆ ಎಂದನಲ್ಲ. ಆ ಮಾತಿನ ಭಾರ ಅಕ್ಕತಂಗಿಯರನ್ನೂ ಅಂದಿನ ನೆಂಟರನ್ನೂ ಬಿಟ್ಟರೆ ಹೊರಗಿನವರಿಗೆ ಗೊತ್ತಿರಲಿಲ್ಲ.

ಊರಿನ ಅಂಗಡಿಯಲ್ಲಿ, ನೀರಾವರಿ ಇಲಾಖೆಯ ಕ್ವಾರ್ಟರ್ಸಿನಲ್ಲಿ, ದಾರಿಯಲ್ಲಿ ಸಿಕ್ಕ ಮೀನಿನವರಲ್ಲಿ ವಿಚಾರಿಸಿದೆ. ಅಂಥ ಸೈಕಲ್ಲಿನವನನ್ನು ಯಾರೂ ನೋಡಿರಲಿಲ್ಲ. ನಿಂಗಮ್ಮನೇ ಏನಾದರೂ ಕಲ್ಪಿಸಿಕೊಂಡಳೇ ಎಂದೂ ಯೋಚಿಸಿದ್ದೇನೆ. ಆದರೆ ಮೂರು ಮುದ್ದೆ ಕಲ್ಪನೆಯಾಗಿರಲಿಲ್ಲ, ಒಂದನ್ನು ನಾನೇ ತಿಂದಿದ್ದೆ. ಈಗಲೂ ಯೋಚಿಸುತ್ತಲೇ ಇದ್ದೇನೆ, ಬುಡ ಸಿಕ್ಕಿಲ್ಲ.

ವಾಪಸು ಬರುವ ಬಸ್ಸಿನಲ್ಲಿ ನಾನು ಅದನ್ನೇ ಮತ್ತೆ ಮತ್ತೆ ಕೇಳುತ್ತಿದ್ದೆ. ಅವನು ಯಾರಿರಬಹುದು ಶಾಂತಮ್ಮ, ಅವನಿಗೆ ಹೇಗೆ ಗೊತ್ತು, ದೇವರೇ ಕಳಿಸಿದನೇ? ಶಾಂತಮ್ಮ ತಂಗಿ ಕೊಟ್ಟ ಅವರೆಕಾಯಿಯ ಚೀಲವನ್ನು ಮಡಿಲಲ್ಲಿ ಇಟ್ಟುಕೊಂಡು ಒಂದೊಂದೇ ಕಾಯಿ ಸುಲಿಯುತ್ತಿದ್ದರು. ಅವರ ಹುಬ್ಬು ಗಂಟಿಕ್ಕಿತ್ತು.

“ಯಾರಾದ್ರೂ ಆಗ್ಲಿ ಬುಡಿ ಟೀಚರಮ್ಮ,” ಎಂದರು ಕೊನೆಗೆ. “ಅಷ್ಟು ದೂರದಿಂದ ಬಂದು ಯೋಳವ್ನೆ. ಬರೀ ನೀರು ಕೊಟ್ಟು ಕಳ್ಸವ್ಳಲ್ಲ ನಮ್ ನಿಂಗಿ. ಇರಪ್ಪ, ನೀನೂ ಉಂಡ್ಕೊಂಡು ಓಗು ಅನ್ನಬಾರ್ದಾಗಿತ್ತಾ?”